ಸಣ್ಣ ಪಟ್ಟಣದಲ್ಲಿ ಬಾಡಿಗೆ ಮನೆ: ನಿಲ್ದಾಣದ ಪಕ್ಕವೋ, ಊರ ಅಂಚೋ, ಇನ್ನೂ ಆಚೆಯೋ?

ಕೆಲಸ ದೊಡ್ಡ ನಗರದಲ್ಲಿದೆ, ಅಲ್ಲಿನ ಬಾಡಿಗೆ ಕೈಗೆಟುಕುವುದಿಲ್ಲ. ಹಾಗಾಗಿ ದಿನವೂ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿಬರಬಹುದಾದ ಪಟ್ಟಣದಲ್ಲಿ ಮನೆ ಮಾಡಬೇಕು. ಇಷ್ಟರವರೆಗೆ ಎಲ್ಲರಿಗೂ ಸ್ಪಷ್ಟವಿರುತ್ತದೆ. ಅಲ್ಲಿಗೆ ಹೋಗಿ ನಾಲ್ಕು ಮನೆ ನೋಡಿದ ಮೇಲೆಯೇ ತಲೆ ಕೆಡುವುದು. ನಿಲ್ದಾಣಕ್ಕೆ ಅಂಟಿಕೊಂಡಿರುವ ಫ್ಲ್ಯಾಟ್ ಇಕ್ಕಟ್ಟು, ಬಾಡಿಗೆಯೂ ಜಾಸ್ತಿ. ಊರಂಚಿನ ಹೊಸ ಬಡಾವಣೆಯಲ್ಲಿ ಅದಕ್ಕಿಂತ ಕಡಿಮೆ ಹಣಕ್ಕೆ ಒಂದು ಕೋಣೆ ಹೆಚ್ಚು, ಮೇಲೆ ಒಂದಿಷ್ಟು ಅಂಗಳ. ಹಳೆಯ ಪೇಟೆಯಲ್ಲಿ ಮಾಲೀಕರು ಕೆಳಗಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತಾರೆ. ಇನ್ನೆರಡು ನಿಲ್ದಾಣ ಮುಂದೆ ಹೋದರೆ ಎಲ್ಲವೂ ಅಗ್ಗ ಎಂದು ಯಾರೋ ಹೇಳುತ್ತಾರೆ. ‘ಇವುಗಳಲ್ಲಿ ಯಾವುದು?’ ಎಂದು ಕೇಳುವವರಿಗಾಗಿ ಈ ಬರಹ.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ನೋಡುವವರು ಸಾಮಾನ್ಯವಾಗಿ ‘ಬೆಳಿಗ್ಗೆ ಎಷ್ಟು ಹೊತ್ತಿಗೆ ಕಚೇರಿ ಮುಟ್ಟುತ್ತೇನೆ’ ಎಂದು ಲೆಕ್ಕ ಹಾಕುತ್ತಾರೆ. ನಾನು ಹಾಕುವುದು ವಾಪಸು ಬರುವ ಲೆಕ್ಕ: ಕೆಲಸ ಒಂದು ಗಂಟೆ ತಡವಾದ, ಮಳೆ ಹಿಡಿದ, ಒಂದು ಗಾಡಿ ತಪ್ಪಿದ ಸಂಜೆ ಈ ಮನೆಗೆ ಹೇಗೆ ತಲುಪುತ್ತೇನೆ? ಮುಂದಿನ ತೂಗುವಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಅಳತೆಗೋಲು

ಮೊದಲನೆಯದು ಬಾಗಿಲಿನಿಂದ ಬಾಗಿಲಿಗೆ ಹಿಡಿಯುವ ಸಮಯ. ‘ನಗರಕ್ಕೆ 35 ನಿಮಿಷ’ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಅದು ಗಾಡಿ ಓಡುವ ಸಮಯ, ಅಷ್ಟೇ. ಮನೆಯಿಂದ ನಿಲ್ದಾಣಕ್ಕೆ ನಡಿಗೆ, ಅಲ್ಲಿ ಕಾಯುವುದು, ಪ್ರಯಾಣ, ಆ ತುದಿಯಲ್ಲಿ ಇಳಿದು ಕಚೇರಿಗೆ ಹೋಗುವುದು ಎಲ್ಲ ಸೇರಿದರೆ 35 ಎಂಬುದು 70 ಆಗಲು ಕಷ್ಟವೇನಿಲ್ಲ. ವಯಸ್ಕರು ಸಾಮಾನ್ಯವಾಗಿ ಗಂಟೆಗೆ 5 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ನಡೆಯುತ್ತಾರೆ. ಅಂದರೆ 800 ಮೀಟರಿಗೆ ಹತ್ತು ನಿಮಿಷ. ಆದರೆ ನಕ್ಷೆಯಲ್ಲಿ ಕಾಣುವ 800 ಮೀಟರ್ ನೆಲದ ಮೇಲೆ ಅಷ್ಟೇ ಇರಬೇಕಾಗಿಲ್ಲ. ಸಣ್ಣ ನಿಲ್ದಾಣಗಳಿಗೆ ಎಷ್ಟೋ ಸಲ ಒಂದೇ ಬದಿಯಲ್ಲಿ ಪ್ರವೇಶವಿರುತ್ತದೆ. ಮನೆ ಹಳಿಯ ಆಚೆ ಬದಿಗಿದ್ದರೆ ಸೇತುವೆಯನ್ನೋ ಗೇಟನ್ನೋ ಬಳಸಿ ಬರಬೇಕು. ಬಾಲ್ಕನಿಯಿಂದ ಪ್ಲಾಟ್‌ಫಾರ್ಮ್ ಕಾಣುವ ಮನೆಯಿಂದ ಪ್ಲಾಟ್‌ಫಾರ್ಮ್ ತಲುಪಲು ಕಾಲು ಗಂಟೆ ಹಿಡಿಯುವುದುಂಟು.

ಎಷ್ಟು ಸಮಯ ಸಹ್ಯ? ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಕುತೂಹಲದ ವಾದ ಮುಂದಿಟ್ಟರು. ಕಾಲ್ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೆ ಮನುಷ್ಯರು ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾ ಬಂದಿದ್ದಾರೆ, ವಾಹನ ವೇಗವಾದಷ್ಟೂ ಊರುಗಳು ಹಿಗ್ಗುತ್ತವೆಯೇ ಹೊರತು ಉಳಿದ ಸಮಯ ಮನೆಗೆ ಬರುವುದಿಲ್ಲ ಎಂಬುದು ಅದರ ತಿರುಳು. ಈ ಒಂದು ಗಂಟೆಯನ್ನು ನಿಯಮವಾಗಿ ಹಿಡಿಯಬೇಕಿಲ್ಲ, ಪಟ್ಟಣದಿಂದ ಓಡಾಡುವವರಲ್ಲಿ ಹೆಚ್ಚಿನವರು ಅದನ್ನು ದಾಟಿಯೇ ಇರುತ್ತಾರೆ. ಆದರೆ ದಾಟಿದ ಪ್ರತಿ ಅರ್ಧ ಗಂಟೆಗೂ ಬದಲಾಗಿ ಏನು ಸಿಗುತ್ತಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಏಕೆಂದರೆ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಮಾಹಿತಿ ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಪ್ರಯಾಣಿಸುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡರು. ಅಗ್ಗದ ಮನೆಯೋ ಒಳ್ಳೆಯ ಸಂಬಳವೋ ಆ ಕೊರತೆಯನ್ನು ಪೂರ್ತಿ ತುಂಬಿರಲಿಲ್ಲ.

ಸಮಯದಷ್ಟೇ ಮುಖ್ಯವಾದದ್ದು ಗಾಡಿಗಳ ನಡುವಿನ ಅಂತರ. ವೇಳಾಪಟ್ಟಿ ನೋಡದೆ ನಿಲ್ದಾಣಕ್ಕೆ ಹೋದರೆ ಸರಾಸರಿ ಕಾಯುವಿಕೆ ಆ ಅಂತರದ ಅರ್ಧ. ಹತ್ತು ನಿಮಿಷಕ್ಕೊಂದು ಗಾಡಿಯಿದ್ದರೆ ಐದು ನಿಮಿಷ, ಗಂಟೆಗೊಂದಿದ್ದರೆ ಅರ್ಧ ಗಂಟೆ. ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರಿಗೆ ಬೆಳಿಗ್ಗೆ ಇದು ತಟ್ಟುವುದಿಲ್ಲ. ಸಂಜೆ ತಟ್ಟುತ್ತದೆ, ಏಕೆಂದರೆ ಕಚೇರಿಯಿಂದ ಏಳುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಸಿಗುವ 40 ನಿಮಿಷದ ಪ್ರಯಾಣವನ್ನು ಗಂಟೆಗೊಮ್ಮೆ ಸಿಗುವ 30 ನಿಮಿಷದ ಪ್ರಯಾಣಕ್ಕಿಂತ ಮೇಲೆಂದೇ ನಾನು ಎಣಿಸುತ್ತೇನೆ. ಕೊನೆಯ ಗಾಡಿ ಎಷ್ಟು ಹೊತ್ತಿಗೆ, ರಜಾದಿನಗಳಲ್ಲಿ ಎಷ್ಟು ಗಾಡಿಗಳು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಇಂಥ ಪಟ್ಟಣಗಳಿಗೆ ಕೆಲಸದ ದಿನಗಳ ಬೆಳಿಗ್ಗೆ ಸಂಜೆ ದಂಡಿಯಾಗಿ ಗಾಡಿಗಳಿರುತ್ತವೆ, ವಾರದ ರಜೆಯಲ್ಲಿ ಬೆರಳೆಣಿಕೆಗೆ ಇಳಿಯುತ್ತವೆ.

ಎರಡನೆಯ ಅಳತೆಗೋಲು ಒಟ್ಟು ಖರ್ಚು. ಬಾಡಿಗೆಯನ್ನೂ ಓಡಾಟದ ವೆಚ್ಚವನ್ನೂ ಬೇರೆ ಬೇರೆ ಕಿಸೆಯಲ್ಲಿ ಇಟ್ಟು ನೋಡುವುದರಿಂದಲೇ ಹೆಚ್ಚಿನ ಆಯ್ಕೆಗಳು ಕೆಡುತ್ತವೆ. ಆದಾಯದ ಶೇಕಡಾ 30ರೊಳಗೆ ಬಾಡಿಗೆ ಇರಲಿ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅಮೆರಿಕದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಇದಕ್ಕೆ ಓಡಾಟದ ಶೇಕಡಾ 15ನ್ನು ಸೇರಿಸಿ, ಎರಡೂ ಒಟ್ಟಾಗಿ ಶೇಕಡಾ 45 ದಾಟದಿದ್ದರೆ ಮನೆ ಕೈಗೆಟುಕಿದಂತೆ ಎಂದು ಲೆಕ್ಕ ಹಾಕುತ್ತದೆ. ಅಂಕಿ ನಿಮ್ಮ ಊರಿಗೆ ಹೊಂದದೆ ಇರಬಹುದು, ಕೂಡಿಸುವ ಕ್ರಮ ಹೊಂದುತ್ತದೆ. ಅರ್ಥಶಾಸ್ತ್ರದಲ್ಲಿ ಇದು ಹಳೆಯ ಸಂಗತಿ. ಕೇಂದ್ರದಿಂದ ದೂರ ಹೋದಂತೆ ಬಾಡಿಗೆ ಇಳಿಯುವುದು ಓಡಾಟದ ವೆಚ್ಚ ಏರುವುದರಿಂದಲೇ ಎಂದು ವಿಲಿಯಂ ಅಲೊನ್ಸೊ 1964ರಲ್ಲಿಯೇ ವಿವರಿಸಿದ್ದರು. ಅಂದರೆ ದೂರದ ಮನೆಯ ಅಗ್ಗ ಯಾರ ಔದಾರ್ಯವೂ ಅಲ್ಲ. ಆ ಹಣವನ್ನು ನೀವು ಬೇರೆ ಕಡೆ ಕಟ್ಟುತ್ತೀರಿ ಎಂದು ಮಾರುಕಟ್ಟೆಗೆ ಗೊತ್ತಿದೆ.

ಮೂರನೆಯದು ಮನೆಯ ದೇಹಸ್ಥಿತಿ: ನೀರು, ತೇವ, ಸದ್ದು, ಸೆಕೆ. ನಾಲ್ಕನೆಯದು ಬಿಡುಗಡೆ, ಅಂದರೆ ಹೊಂದದಿದ್ದರೆ ಎಷ್ಟು ಬೇಗ, ಎಷ್ಟು ನಷ್ಟದಲ್ಲಿ ಹೊರಬರಬಹುದು. ಐದನೆಯದನ್ನು ಜನ ಮರೆಯುತ್ತಾರೆ. ನಗರಕ್ಕೆ ದುಡಿಯಲು ಹೋಗುವವರೇ ಹೆಚ್ಚಿರುವ ಪಟ್ಟಣ ಹಗಲು ಖಾಲಿ ಹೊಡೆಯುತ್ತದೆ, ಅಂಗಡಿಗಳು ಬೇಗ ಕದ ಹಾಕುತ್ತವೆ. ನೀವು ಮನೆಗೆ ಬರುವ ಹೊತ್ತಿಗೆ ಔಷಧಿ ಅಂಗಡಿ ತೆರೆದಿರುತ್ತದೆಯೇ, ದಿನಸಿ ಸಿಗುತ್ತದೆಯೇ? ಮನೆಯನ್ನು ರಜಾದಿನದ ಮಧ್ಯಾಹ್ನ ನೋಡಿ ಒಪ್ಪಿಕೊಂಡವರಿಗೆ ಇದು ಗೊತ್ತಾಗುವುದು ಸಾಮಾನು ಇಳಿಸಿದ ಮೇಲೆ.

ನಿಲ್ದಾಣದ ಪಕ್ಕದ ಫ್ಲ್ಯಾಟ್

ಸಮಯದ ಪರೀಕ್ಷೆಯಲ್ಲಿ ಇದಕ್ಕೆ ಎದುರಾಳಿಯಿಲ್ಲ. ಐದು ನಿಮಿಷದ ನಡಿಗೆಯಿದ್ದರೆ ಸ್ವಂತ ವಾಹನವಿಲ್ಲದೆ ಬದುಕಬಹುದು. ಮಳೆ ಬಂದರೂ ತಡವಾದರೂ ನಿಲ್ದಾಣದಿಂದ ಮನೆಗೆ ಬರುವ ದಾರಿ ಬದಲಾಗುವುದಿಲ್ಲ. ದಾರಿಯಲ್ಲಿ ದೀಪವಿರುತ್ತದೆ, ಜನ ಓಡಾಡುತ್ತಿರುತ್ತಾರೆ, ಒಂದೆರಡು ಅಂಗಡಿಗಳು ತೆರೆದಿರುತ್ತವೆ. ಪಾಳಿಯಲ್ಲಿ ದುಡಿಯುವವರಿಗೆ, ರಾತ್ರಿ ಒಂಟಿಯಾಗಿ ಮರಳುವವರಿಗೆ ಇದರ ಬೆಲೆಯನ್ನು ಹಣದಲ್ಲಿ ಹೇಳುವುದು ಕಷ್ಟ.

ತೆರುವುದು ಜಾಗದಲ್ಲಿ ಮತ್ತು ಸದ್ದಿನಲ್ಲಿ. ಜಾಗದ ವಿಷಯದಲ್ಲಿ ಹೇಳುವುದೇನೂ ಇಲ್ಲ, ಅಳೆದು ನೋಡಿದರೆ ತಿಳಿಯುತ್ತದೆ. ಸದ್ದಿನ ಬಗ್ಗೆ ಸ್ವಲ್ಪ ನಿಲ್ಲೋಣ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರಾತ್ರಿಯ ರೈಲಿನ ಸದ್ದು ಮನೆಯ ಹೊರಗೆ ಸರಾಸರಿ 44 ಡೆಸಿಬಲ್, ರಸ್ತೆಯ ಸದ್ದು 45 ಡೆಸಿಬಲ್ ದಾಟಬಾರದು ಎಂದಿದೆ. ನಿಲ್ದಾಣದ ಸುತ್ತಿನ ಮನೆಗಳಲ್ಲಿ ಇಷ್ಟು ಮೌನವನ್ನು ನಿರೀಕ್ಷಿಸಬೇಡಿ. ಸದ್ದಿನ ಅಳತೆ ಒಂದು ವಿಚಿತ್ರ ಏಣಿ: 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ, ಆದರೆ ಎಡೆಬಿಡದೆ ವಾಹನ ಹರಿಯುವ ರಸ್ತೆಯಿಂದ ನಿಮ್ಮ ದೂರವನ್ನು ಎರಡು ಪಟ್ಟು ಮಾಡಿಕೊಂಡರೂ ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಆದ್ದರಿಂದ ಒಂದು ಕಟ್ಟಡ ಹಿಂದಕ್ಕೆ ಸರಿದು ಅದೇ ದಿಕ್ಕಿಗೆ ಕಿಟಕಿ ತೆರೆಯುವ ಫ್ಲ್ಯಾಟ್ ಹಿಡಿದರೆ ದೊಡ್ಡ ಲಾಭವಿಲ್ಲ. ಅದೇ ಕಟ್ಟಡದಲ್ಲಿ, ಹಳಿಗೆ ಬೆನ್ನು ಹಾಕಿದ ಬದಿಯಲ್ಲಿ ಮಲಗುವ ಕೋಣೆಯಿರುವ ಫ್ಲ್ಯಾಟ್ ಕೇಳಿ. ಇಡೀ ಕಟ್ಟಡವೇ ಗೋಡೆಯಾಗಿ ಅಡ್ಡ ನಿಲ್ಲುತ್ತದೆ. ಸರಕು ಗಾಡಿಗಳು ರಾತ್ರಿ ಓಡುತ್ತವೆಯೇ, ಗೇಟಿನ ಬಳಿ ಸೀಟಿ ಹಾಕುತ್ತವೆಯೇ ಎಂದು ಮಾಲೀಕರನ್ನು ಕೇಳುವುದಕ್ಕಿಂತ ನೆಲಮಹಡಿಯ ಬಾಡಿಗೆದಾರರನ್ನು ಕೇಳಿ.

ನಿರ್ವಹಣಾ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಬಗೆಹರಿಸಿಕೊಳ್ಳಿ. ಲಿಫ್ಟ್, ಕಾವಲು, ನೀರೆತ್ತುವ ಪಂಪಿನ ಖರ್ಚೆಲ್ಲ ಅಲ್ಲಿ ಬಂದು ಕೂರುತ್ತದೆ. ಎರಡು ಫ್ಲ್ಯಾಟುಗಳ ಬಾಡಿಗೆ ಒಂದೇ ಇದ್ದರೂ ತಿಂಗಳ ಕೊನೆಗೆ ಒಂದೇ ಆಗಿರುವುದಿಲ್ಲ.

ಹಳೆಯ ಪೇಟೆಯಲ್ಲಿ, ಮಾಲೀಕರ ಮೇಲೆ

ಪಟ್ಟಣದ ಹಳೆಯ ಭಾಗ ನಿಲ್ದಾಣದಿಂದ ತುಸು ದೂರವೇ ಇರುವುದು ರೂಢಿ, ಹಳಿ ಬಂದದ್ದು ಊರು ಕಟ್ಟಿದ ಮೇಲಲ್ಲವೇ. ಹತ್ತರಿಂದ ಇಪ್ಪತ್ತು ನಿಮಿಷದ ನಡಿಗೆ. ಅದಕ್ಕೆ ಬದಲಾಗಿ ಅಂಗಡಿ, ವೈದ್ಯರು, ಶಾಲೆ, ಅಂಚೆ ಎಲ್ಲ ಕಾಲಳತೆಯಲ್ಲಿ. ದಿನವಿಡೀ ಮನೆಯಲ್ಲಿಯೇ ಇರುವ ಹಿರಿಯರಿದ್ದರೆ, ಶಾಲೆಗೆ ಹೋಗುವ ಮಕ್ಕಳಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಓಡಾಡುವ ಒಬ್ಬರಿಗೆ ಹತ್ತು ನಿಮಿಷ ಹೆಚ್ಚಾಗಬಹುದು, ಮನೆಯಲ್ಲಿರುವ ಮೂವರಿಗೆ ಪರಾವಲಂಬನೆ ತಪ್ಪುತ್ತದೆ.

ಇಲ್ಲಿ ಮನೆಯ ಜೊತೆಗೆ ಮಾಲೀಕರನ್ನೂ ಆಯ್ದುಕೊಳ್ಳುತ್ತೀರಿ. ಕೆಳಗೇ ಇರುವ ಮಾಲೀಕರಿಗೆ ನಲ್ಲಿ ಸೋರಿದರೆ ಅದೇ ದಿನ ಗೊತ್ತಾಗುತ್ತದೆ, ಹಲವರು ಆ ದಿನವೇ ಸರಿಪಡಿಸುತ್ತಾರೆ, ನಿಮ್ಮ ಪಾರ್ಸೆಲ್ಲನ್ನೂ ತೆಗೆದಿಡುತ್ತಾರೆ. ನೀವು ರಾತ್ರಿ ಎಷ್ಟು ಹೊತ್ತಿಗೆ ಬಂದಿರಿ, ಯಾರು ಜೊತೆಗಿದ್ದರು ಎಂಬುದೂ ಅಷ್ಟೇ ಬೇಗ ಗೊತ್ತಾಗುತ್ತದೆ. ಹೊರಬಾಗಿಲು ಬೇರೆಯೇ? ಗೇಟಿಗೆ ಬೀಗ ಎಷ್ಟು ಹೊತ್ತಿಗೆ, ಕೀಲಿ ನಿಮ್ಮ ಕೈಯಲ್ಲಿರುತ್ತದೆಯೇ? ಬಂಧುಗಳು ಬಂದು ನಾಲ್ಕು ದಿನ ಇದ್ದರೆ ಅಭ್ಯಂತರವುಂಟೇ? ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳು ಇವು. ಕೊನೆಯ ಗಾಡಿಯಲ್ಲಿ ಬರುವವರಿಗೆ ಗೇಟಿನ ಕೀಲಿಯ ಪ್ರಶ್ನೆ ಉಳಿದೆಲ್ಲಕ್ಕಿಂತ ಮೊದಲು. ಕರೆಂಟು ಮತ್ತು ನೀರಿನ ಮೀಟರ್ ಪ್ರತ್ಯೇಕವಿಲ್ಲದಿದ್ದರೆ ಬಿಲ್ಲು ಹಂಚುವ ಸೂತ್ರವನ್ನು ಕರಾರಿನಲ್ಲಿಯೇ ಬರೆಸಿ. ಸಣ್ಣ ಮೊತ್ತಕ್ಕೇ ಸಂಬಂಧ ಹಳಸುವುದು.

ಹಳೆಯ ಕಟ್ಟಡಗಳಲ್ಲಿ ತೇವವನ್ನು ಹುಡುಕಿ ನೋಡಬೇಕು. ಕಲೆ ಎಲ್ಲಿದೆ ಎಂಬುದರಿಂದಲೇ ಕಾರಣದ ಸುಳಿವು ಸಿಗುತ್ತದೆ. ಗೋಡೆಯ ಬುಡದಿಂದ ಒಂದು ಮೀಟರ್ ಆಸುಪಾಸಿನವರೆಗೆ ಗೆರೆ ಎಳೆದಂತೆ ಇದ್ದರೆ ನೆಲದಿಂದ ಏರಿದ ತೇವ, ಚಾವಣಿಯ ಮೂಲೆಯಲ್ಲಿದ್ದರೆ ತಾರಸಿಯ ಸೋರಿಕೆ ಅಥವಾ ಮೇಲಿನವರ ಬಚ್ಚಲು, ಕಪಾಟಿನ ಹಿಂದೆ ಕಪ್ಪು ಬೂಷ್ಟಿದ್ದರೆ ಗಾಳಿಯಾಡದ ಕೋಣೆ. ಮೊದಲನೆಯದು ಬಣ್ಣ ಬಳಿದರೆ ಹೋಗುವುದಿಲ್ಲ, ಒಂದು ಮಳೆಗಾಲಕ್ಕೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉಳಿದ ಗೋಡೆಗಳೆಲ್ಲ ಹಳತಾಗಿ ಒಂದು ಗೋಡೆಗೆ ಮಾತ್ರ ಹೊಸ ಬಣ್ಣವಿದ್ದರೆ ಅನುಮಾನಿಸುವುದು ತಪ್ಪಲ್ಲ. ಮನೆಯೊಳಗಿನ ಸಾಪೇಕ್ಷ ಆರ್ದ್ರತೆ ಶೇಕಡಾ 60ಕ್ಕಿಂತ ಕೆಳಗಿರಲಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಲಹೆ ಮಾಡುತ್ತದೆ. ಅದನ್ನು ಅಳೆಯುವ ಪುಟ್ಟ ಮಾಪಕ ಅಗ್ಗವಾಗಿ ಸಿಗುತ್ತದೆ. ಮನೆ ನೋಡಲು ಹೋದಾಗ ಮಾತಿನ ನಡುವೆ ಕಿಟಕಿಯಿಂದ ದೂರ ಒಂದು ಕಡೆ ಇಟ್ಟುಬಿಡಿ, ಸಾಕಷ್ಟು ಹೊತ್ತಿನ ನಂತರ ಓದಿಕೊಳ್ಳಿ.

ಮೇಲಿನ ಮಹಡಿಯ ಇನ್ನೊಂದು ತೊಂದರೆ ನೀರಿನ ಒತ್ತಡ. ತಾರಸಿಯ ಟ್ಯಾಂಕಿನಿಂದ ನೀರು ಇಳಿಯುವುದಾದರೆ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಎಂಬುದು ಲೆಕ್ಕ. ಟ್ಯಾಂಕಿಗೆ ಮೂರು ಮೀಟರ್ ಕೆಳಗಿರುವ ನಲ್ಲಿಗೆ ಬರುವುದು 0.3 ಬಾರ್ ಮಾತ್ರ. ಕೆಳಗಿನ ಮನೆಯಲ್ಲಿ ರಭಸವಾಗಿ ಸುರಿಯುವ ಷವರ್ ಮೇಲೆ ಜಿನುಗುತ್ತದೆ, ಕೆಲವು ನೀರು ಕಾಯಿಸುವ ಯಂತ್ರಗಳು ಅಷ್ಟು ಒತ್ತಡಕ್ಕೆ ಹೊತ್ತಿಕೊಳ್ಳುವುದೂ ಇಲ್ಲ. ಎರಡು ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ ನೋಡಿ. ಜೊತೆಗೆ ತಾರಸಿಯ ಕೆಳಗಿನ ಕೋಣೆ ಹಗಲೆಲ್ಲ ಕಾದು ರಾತ್ರಿ ಆ ಬಿಸಿಯನ್ನು ಒಳಗೆ ಬಿಡುತ್ತದೆ, ಪಶ್ಚಿಮಕ್ಕೆ ಗೋಡೆಯಿದ್ದರಂತೂ ಕೇಳಬೇಡಿ. ನೀವು ಮನೆಯಲ್ಲಿರುವ ಹೊತ್ತೂ ಅದೇ.

ಊರಂಚಿನ ಸ್ವತಂತ್ರ ಮನೆ

ಎಲ್ಲರ ಕಣ್ಣು ಕಟ್ಟುವ ಆಯ್ಕೆ ಇದು. ಬೆಳಕು, ಗಾಳಿ, ಒಂದು ಕೋಣೆ ಹೆಚ್ಚು, ವಾಹನ ನಿಲ್ಲಿಸಲು ಜಾಗ, ಗಿಡ ನೆಡಲು ನಾಲ್ಕು ಅಡಿ ನೆಲ. ಬಾಡಿಗೆ ನಿಲ್ದಾಣದ ಫ್ಲ್ಯಾಟಿಗಿಂತ ಕಡಿಮೆ. ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಫ್ಲ್ಯಾಟಿನ ಬಾಡಿಗೆ 100, ಊರಂಚಿನ ಮನೆಯ ಬಾಡಿಗೆ 75 ಎಂದಿಟ್ಟುಕೊಳ್ಳಿ. ಉಳಿತಾಯ 25. ಆದರೆ ನಿಲ್ದಾಣಕ್ಕೆ ಮೂರು ನಾಲ್ಕು ಕಿಲೋಮೀಟರ್ ಇರುವುದರಿಂದ ವಾಹನ ಬೇಕು. ಇಂಧನ, ನಿಲ್ದಾಣದಲ್ಲಿ ನಿಲ್ಲಿಸುವ ಶುಲ್ಕ, ವಿಮೆ, ರಿಪೇರಿ, ಕೈಕೊಟ್ಟ ದಿನ ಬಾಡಿಗೆ ಗಾಡಿ ಎಲ್ಲ ಸೇರಿ 15 ಆದರೆ ಕೈಯಲ್ಲಿ ಉಳಿದದ್ದು 10. ಇನ್ನು ಸಮಯ. ಒಂದು ಕಡೆಗೆ 20 ನಿಮಿಷ ಹೆಚ್ಚಾದರೆ ತಿಂಗಳ 22 ಕೆಲಸದ ದಿನಗಳಿಗೆ 880 ನಿಮಿಷ, ಅಂದರೆ 14 ಗಂಟೆ 40 ನಿಮಿಷ. ಸುಮಾರು ಎರಡು ಕೆಲಸದ ದಿನಗಳನ್ನು ಆ 10ಕ್ಕೆ ಮಾರಿದಂತಾಯಿತು. ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಮನೆಯಲ್ಲಿ ಓಡಾಡುವವರು ಇಬ್ಬರಾದರೆ ಸಮಯದ ಬಾಬ್ತು ಎರಡರಷ್ಟು, ಕೆಲವೊಮ್ಮೆ ವಾಹನವೂ.

ಹಾಗಾದರೆ ಇದು ಕೆಟ್ಟ ಆಯ್ಕೆಯೇ? ನಾಲ್ಕು ಜನರ ಕುಟುಂಬಕ್ಕೆ, ಹೇಗೂ ವಾಹನ ಇಟ್ಟುಕೊಂಡವರಿಗೆ ಅಲ್ಲ. ಅವರಿಗೆ ವಿಮೆಯ, ರಿಪೇರಿಯ ಖರ್ಚು ಎಲ್ಲಿದ್ದರೂ ಇದ್ದದ್ದೇ, ಹಾಗಾಗಿ ಆ 15ರಲ್ಲಿ ಅರ್ಧ ಅಳಿಸಿಹೋಗುತ್ತದೆ. ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗಿ ಉಳಿದ ದಿನ ಮನೆಯಿಂದ ದುಡಿಯುವವರಿಗಂತೂ ಪ್ರತ್ಯೇಕ ಕೋಣೆಯೇ ಕಚೇರಿ. ಅವರು ಮೊದಲು ನೋಡಬೇಕಾದದ್ದು ಇಂಟರ್‌ನೆಟ್ ಕೇಬಲ್ ಆ ಬೀದಿಗೆ ಬಂದಿದೆಯೇ ಎಂಬುದು. ‘ಮುಂದಿನ ತಿಂಗಳು ಬರುತ್ತದೆ’ ಎಂಬ ಉತ್ತರವನ್ನು ‘ಇಲ್ಲ’ ಎಂದೇ ಬರೆದುಕೊಳ್ಳಿ. ಹೊಸ ಬಡಾವಣೆಗಳಲ್ಲಿ ಬೀದಿದೀಪ, ಚರಂಡಿ, ಕಸ ಒಯ್ಯುವ ಗಾಡಿ, ಕೊನೆಯ ಬಸ್ಸು, ಎಲ್ಲಕ್ಕೂ ಇದೇ ನಿಯಮ.

ಇಂಥ ಮನೆಯನ್ನು ಒಮ್ಮೆ ಕತ್ತಲಾದ ಮೇಲೆ ನೋಡದೆ ಒಪ್ಪಿಕೊಳ್ಳಬೇಡಿ. ನಿಲ್ದಾಣದಿಂದ ಅಲ್ಲಿಗೆ ನಿಮ್ಮ ದಿನದ ಸಾಧನದಲ್ಲಿಯೇ ಹೋಗಿ. ದಲ್ಲಾಳಿಯ ಕಾರಿನಲ್ಲಿ ಕುಳಿತು ಹೋದರೆ ಆ ದಾರಿ ನಿಮಗೆ ಪರಿಚಯವಾಗುವುದಿಲ್ಲ. ಬೀದಿನಾಯಿಗಳು, ದೀಪವಿಲ್ಲದ ತಿರುವು, ಮಳೆಗೆ ನೀರು ನಿಲ್ಲುವ ತಗ್ಗು ಯಾವುದೂ ಹಗಲಿನ ಹತ್ತು ನಿಮಿಷದ ಭೇಟಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಇನ್ನೆರಡು ನಿಲ್ದಾಣ ಆಚೆ

‘ಇಷ್ಟು ದೂರ ಬಂದವರು ಇನ್ನು ಹದಿನೈದು ನಿಮಿಷ ಹೋಗಲಾರರೇ’ ಎಂಬ ವಾದ ಕೇಳಲು ಚೆನ್ನಾಗಿದೆ. ಆ ಹದಿನೈದು ನಿಮಿಷ ಹೋಗುವಾಗಲೂ ಬರುವಾಗಲೂ ಇದೆ, ಆಮೇಲೆ ಗಾಡಿಗಳ ಸಂಖ್ಯೆ ಇಳಿಯುತ್ತದೆ. ಎಷ್ಟೋ ಮಾರ್ಗಗಳಲ್ಲಿ ಅರ್ಧದಷ್ಟು ಗಾಡಿಗಳು ನಡುವಿನ ಪಟ್ಟಣಕ್ಕೇ ತಿರುಗಿಬಿಡುತ್ತವೆ. ಮಾರ್ಗದಲ್ಲಿ ತೊಡಕಾದ ದಿನ ಮೊದಲು ಕೈಬಿಡುವುದು ತುದಿಯ ನಿಲ್ದಾಣಗಳನ್ನೇ.

ಇದರ ಒಂದು ನಿಜವಾದ ಲಾಭವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಗಾಡಿ ಹೊರಡುವ ನಿಲ್ದಾಣವಾಗಿದ್ದರೆ ಬೆಳಿಗ್ಗೆ ಕೂರಲು ಜಾಗ ಸಿಗುತ್ತದೆ. ಕುಳಿತು ಹೋಗುವ 55 ನಿಮಿಷ ಓದಲು, ನಿದ್ದೆ ಮಾಡಲು, ಏನಾದರೂ ಕೇಳಲು ಒದಗುತ್ತದೆ. ಕಂಬ ಹಿಡಿದು ಜೋತುಬಿದ್ದು ಹೋಗುವ 40 ನಿಮಿಷ ಯಾವುದಕ್ಕೂ ಒದಗುವುದಿಲ್ಲ. ಬೆನ್ನುನೋವಿನವರು, ಪರೀಕ್ಷೆಗೆ ಓದುತ್ತಿರುವವರು ಹದಿನೈದು ನಿಮಿಷ ಹೆಚ್ಚು ಕೊಟ್ಟು ತುದಿಯ ನಿಲ್ದಾಣ ಆಯ್ದುಕೊಂಡರೆ ನಾನು ತಪ್ಪೆನ್ನುವುದಿಲ್ಲ. ಸಂಜೆಯೂ ಕೂರಲು ಸಿಗುತ್ತದೆಯೇ ಎಂಬುದು ನೀವು ನಗರದಲ್ಲಿ ಎಲ್ಲಿ ಹತ್ತುತ್ತೀರಿ ಎಂಬುದನ್ನು ಅವಲಂಬಿಸಿದೆ. ನಡುವಿನ ನಿಲ್ದಾಣದಲ್ಲಿ ಹತ್ತುವವರಿಗೆ ಈ ಲಾಭದ ಅರ್ಧ ಅಲ್ಲಿಗೇ ಮುಗಿಯಿತು.

ಕಚೇರಿಗೆ ಹೋಗುವ ದಿನಗಳು ಕಡಿಮೆಯಿದ್ದವರಿಗೆ ದೂರ ಬೇರೆ ರೀತಿ ತೂಗುತ್ತದೆ. ವಾರಕ್ಕೆ ಐದು ದಿನ, ಒಂದು ಕಡೆಗೆ ಒಂದು ಗಂಟೆಯಾದರೆ ಹತ್ತು ಗಂಟೆ. ವಾರಕ್ಕೆ ಎರಡೇ ದಿನ, ಒಂದು ಕಡೆಗೆ ಒಂದೂವರೆ ಗಂಟೆಯಾದರೂ ಆರು ಗಂಟೆ. ಅವರು ಇನ್ನೂ ಆಚೆ ಹೋಗಿ ಒಳ್ಳೆಯ ಮನೆ ಹಿಡಿಯಬಹುದು. ಆದರೆ ತಿಂಗಳ ಪಾಸಿನ ಲೆಕ್ಕ ಅವರಿಗೆ ಕೆಲಸ ಮಾಡದು. ಪಾಸಿನ ಬೆಲೆಯನ್ನು ಒಂದು ಪ್ರಯಾಣದ ಟಿಕೆಟ್ ಬೆಲೆಯಿಂದ ಭಾಗಿಸಿ. ಬರುವ ಸಂಖ್ಯೆಗಿಂತ ನಿಮ್ಮ ತಿಂಗಳ ಪ್ರಯಾಣಗಳು ಕಡಿಮೆಯಿದ್ದರೆ ಬಿಡಿ ಟಿಕೆಟ್ಟೇ ಅಗ್ಗ. ಕಚೇರಿಯವರು ‘ಇನ್ನು ಮುಂದೆ ದಿನವೂ ಬನ್ನಿ’ ಎಂದರೆ ಏನು ಮಾಡುತ್ತೀರಿ ಎಂಬುದಕ್ಕೂ ಉತ್ತರವಿರಲಿ. ಕರಾರಿನ ನೋಟಿಸ್ ಅವಧಿ ಚಿಕ್ಕದಿದ್ದರೆ ಅದೇ ಉತ್ತರ.

ಹಂಚಿಕೊಂಡ ಮನೆ, ಮೊದಲ ಕೆಲವು ತಿಂಗಳಿಗೆ

ಒಂಟಿಯಾಗಿರುವವರಿಗೆ, ಊರು ಹೊಸದಾಗಿರುವವರಿಗೆ ಇದು ಬಹಳ ಸಲ ಸರಿಯಾದ ಮೊದಲ ಹೆಜ್ಜೆ. ಬಾಡಿಗೆ ಕಡಿಮೆ, ಮುಂಗಡ ಕಡಿಮೆ, ಪೀಠೋಪಕರಣ ಇದ್ದೇ ಇರುತ್ತದೆ. ಮೂರು ತಿಂಗಳು ಅಲ್ಲಿದ್ದರೆ ಯಾವ ಬೀದಿಯಲ್ಲಿ ನೀರು ಬರುವುದಿಲ್ಲ, ಯಾವ ಗಾಡಿ ಸದಾ ತಡ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಕರಾರಿನಲ್ಲಿ ನಿಮ್ಮ ಹೆಸರಿದೆಯೇ, ಇಲ್ಲವೇ ಇನ್ನೊಬ್ಬ ಬಾಡಿಗೆದಾರರ ಬಾಯಿಮಾತಿನ ಮೇಲೆ ಇದ್ದೀರಾ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಎರಡನೆಯದಾದರೆ ಅವರು ಹೊರಟ ದಿನ ನೀವೂ ಹೊರಡಬೇಕಾದೀತು.

ಯಾರಿಗೆ ಯಾವುದು

ಕೈ ಬಿಗಿಯಾಗಿದ್ದು, ವಾಹನವಿಲ್ಲದೆ ಒಬ್ಬರೇ ಇದ್ದು, ದಿನವೂ ಹೋಗಬೇಕಾದವರು ನಿಲ್ದಾಣದ ಬಳಿ ಚಿಕ್ಕ ಮನೆಯನ್ನೋ ಹಂಚಿಕೊಂಡ ಮನೆಯನ್ನೋ ನೋಡಲಿ, ಊರಂಚಿನ ಅಗ್ಗಕ್ಕೆ ಮರುಳಾಗದಿರಲಿ. ಕೈ ಸಡಿಲವಿದ್ದು ಸಮಯವೇ ಇಲ್ಲದವರಿಗೆ ಹಳಿಗೆ ಬೆನ್ನು ಹಾಕಿದ ಫ್ಲ್ಯಾಟ್. ಮಕ್ಕಳು, ಹಿರಿಯರು ಇರುವ ಮನೆಗೆ ಹಳೆಯ ಪೇಟೆ, ತೇವದ ಪರೀಕ್ಷೆ ಗೆದ್ದರೆ. ಹಿರಿಯರಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಪೇಟೆಯಲ್ಲಿಯೇ ನೆಲಮಹಡಿ ಸಿಗುವವರೆಗೆ ಕಾಯುವುದು ಲೇಸು. ವಾಹನವೂ ಪ್ರತ್ಯೇಕ ಕೋಣೆಯ ಅಗತ್ಯವೂ ಇರುವವರು, ವಾರದಲ್ಲಿ ಕೆಲವೇ ದಿನ ಹೋಗುವವರು ಊರಂಚಿಗೆ ಹೋಗಬಹುದು.

ಕಷ್ಟದ ಪ್ರಕರಣ ದಂಪತಿಯದು, ಅದರಲ್ಲೂ ಇಬ್ಬರ ಕೆಲಸ ಎರಡು ದಿಕ್ಕಿನಲ್ಲಿದ್ದಾಗ. ಇಬ್ಬರ ಒಟ್ಟು ಸಮಯ ಎಲ್ಲಿ ಕಡಿಮೆಯೋ ಅಲ್ಲಿ ಮನೆ ಮಾಡುವುದು ಲೆಕ್ಕಕ್ಕೆ ಸರಿ, ಸಂಸಾರಕ್ಕೆ ಸರಿಯಾಗಬೇಕಾಗಿಲ್ಲ. ಒಬ್ಬರಿಗೆ 20 ನಿಮಿಷ, ಇನ್ನೊಬ್ಬರಿಗೆ 90 ನಿಮಿಷ: ಒಟ್ಟು 110. ಇನ್ನೊಂದು ಮನೆಯಲ್ಲಿ ಇಬ್ಬರಿಗೂ 60: ಒಟ್ಟು 120. ನಾನು ಎರಡನೆಯದನ್ನೇ ಆರಿಸುತ್ತೇನೆ. ಮೊದಲನೆಯದರಲ್ಲಿ ಮನೆಗೆಲಸವೆಲ್ಲ ಬೇಗ ಬರುವವರ ತಲೆಗೆ, ದಣಿವೆಲ್ಲ ತಡವಾಗಿ ಬರುವವರ ಮೈಗೆ ಬೀಳುತ್ತದೆ. ಎರಡು ಮಾರ್ಗಗಳು ಕೂಡುವ ಪಟ್ಟಣವಿದ್ದರೆ ಅಲ್ಲಿ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಇಬ್ಬರಲ್ಲಿ ಒಬ್ಬರು ಕೆಲಸ ಬದಲಿಸಿದರೂ ಮನೆ ಬದಲಿಸುವ ಪ್ರಮೇಯ ಬರುವುದು ಕಡಿಮೆ.

ಎರಡು ಮನೆಗಳು ಸಮಸಮ ನಿಂತಾಗ ಯಾವುದನ್ನು ಬಿಡುವುದು ಸುಲಭವೋ ಅದನ್ನು ಹಿಡಿಯಿರಿ. ಹನ್ನೊಂದು ತಿಂಗಳು ಕದಲುವಂತಿಲ್ಲ ಎನ್ನುವ ಒಳ್ಳೆಯ ಮನೆಗಿಂತ ಒಂದು ತಿಂಗಳ ನೋಟಿಸಿಗೆ ಒಪ್ಪುವ ಸುಮಾರಾದ ಮನೆ ಮೊದಲ ವರ್ಷಕ್ಕೆ ಮೇಲು.

ಮುಂಗಡ ಕೊಡುವ ಮುನ್ನ

ಆರಿಸಿದ ಮನೆಯಿಂದ ಒಂದು ಕೆಲಸದ ದಿನ ಪೂರ್ತಿ ಹೋಗಿ ಬನ್ನಿ: ಬೆಳಿಗ್ಗೆ ಆ ಬಾಗಿಲಿನಿಂದ ಹೊರಟು, ಸಂಜೆ ನೀವು ನಿಜವಾಗಿ ಏಳುವ ಹೊತ್ತಿಗೆ ಎದ್ದು, ಮತ್ತೆ ಆ ಬಾಗಿಲಿಗೆ. ವೇಳಾಪಟ್ಟಿ ಹೇಳದ ನೂಕುನುಗ್ಗಲು, ಕಾಯುವಿಕೆ ಎಲ್ಲ ಮೈಗೆ ತಿಳಿಯುತ್ತದೆ.

ಕೊಡುವವರಿಗೆ ಕೊಡುವ ಹಕ್ಕಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮನೆಯನ್ನು ಕಣ್ಣಾರೆ ನೋಡುವ ಮೊದಲು ‘ಬೇರೆಯವರು ಕಾಯುತ್ತಿದ್ದಾರೆ, ಸ್ವಲ್ಪ ಹಣ ಹಾಕಿಬಿಡಿ’ ಎಂದವರಿಗೆ ಬಿಡಿಗಾಸೂ ಹಾಕಬೇಡಿ. ಮುಂಗಡಕ್ಕೆ ಮಿತಿ, ಕರಾರಿನ ನೋಂದಣಿ, ಬಾಡಿಗೆ ಏರಿಕೆ, ತೆರವಿನ ನಿಯಮ ಇವೆಲ್ಲ ಒಂದೊಂದು ಕಡೆ ಒಂದೊಂದು ಕಾನೂನಿಗೆ ಒಳಪಟ್ಟಿವೆ. ನಿಮ್ಮ ಪ್ರದೇಶದ್ದನ್ನು ಮೊದಲೇ ಓದಿಕೊಳ್ಳಿ. ಕಾನೂನು ಏನೇ ಇರಲಿ, ಬಾಡಿಗೆ ಎಷ್ಟು, ಯಾವಾಗ ಎಷ್ಟು ಏರುತ್ತದೆ, ಯಾವ ರಿಪೇರಿ ಯಾರದ್ದು, ನೋಟಿಸ್ ಎಷ್ಟು ದಿನ, ಮುಂಗಡದಿಂದ ಏನನ್ನು ಕಡಿಯಬಹುದು, ಎಷ್ಟು ದಿನದಲ್ಲಿ ಹಿಂತಿರುಗಿಸಬೇಕು ಎಂಬುದು ಕಾಗದದ ಮೇಲಿರಲಿ. ಹೊರಡುವಾಗ ಬಣ್ಣದ ಖರ್ಚು ಯಾರದೆಂಬುದನ್ನು ಇಲ್ಲಿಯೇ ಬರೆಸಿದರೆ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ, ನಗದಾದರೆ ರಸೀದಿ ಪಡೆಯಿರಿ.

ಕೀಲಿ ಕೈಗೆ ಬಂದ ದಿನ, ಸಾಮಾನು ಒಳಗೆ ಬರುವ ಮೊದಲು, ಪ್ರತಿ ಕೋಣೆಯ ಗೋಡೆ, ನೆಲ, ಕಿಟಕಿ, ಬಚ್ಚಲು, ಮೊದಲೇ ಇರುವ ಬಿರುಕು ಮತ್ತು ಕಲೆಗಳ ಫೋಟೋ ತೆಗೆಯಿರಿ. ಮೀಟರುಗಳ ಅಂಕಿಯೂ ಅದರಲ್ಲಿರಲಿ. ಎಲ್ಲವನ್ನೂ ಅದೇ ದಿನ ಮಾಲೀಕರಿಗೆ ಕಳುಹಿಸಿಬಿಡಿ. ಕಳುಹಿಸಿದ ದಿನಾಂಕ ಸಂದೇಶದಲ್ಲಿಯೇ ಉಳಿಯುತ್ತದೆ, ಎರಡು ವರ್ಷದ ನಂತರ ಮುಂಗಡದ ಮಾತು ಬಂದಾಗ ಯಾರ ನೆನಪು ಸರಿ ಎಂಬ ವಾದಕ್ಕೆ ಎಡೆಯಿರುವುದಿಲ್ಲ.